ಫ್ರಾಯ್ಡ್ ಕೊಟ್ಟ ಮದ್ದು

ಫ್ರಾಯ್ಡ್ ಅಂದ್ರೆ ಎಲ್ಲರಿಗೂ ಕನಸು, ಸುಪ್ತಮನಸ್ಸು. ನನಗೆ ಮಾತ್ರ ಮೊದಲು ನೆನಪಾಗೋದು ಅವನ ಗೆಳೆಯ, ವಿಯೆನ್ನಾದ ಶರೀರವಿಜ್ಞಾನಿ ಅರ್ನ್‌ಸ್ಟ್ ಫ್ಲೈಷ್ಲ್. ಸೋಂಕಿನಿಂದ ಹೆಬ್ಬೆರಳು ಕತ್ತರಿಸಬೇಕಾಯಿತು. ಉಳಿದ ಮೋಟಿನಲ್ಲಿ ನರಗಳು ಗಂಟುಕಟ್ಟಿ, ನೋವು ತಡೆಯಲಾರದೆ ಮಾರ್ಫಿನ್‌ಗೆ ಅಂಟಿಕೊಂಡ.

ಅದನ್ನು ಬಿಡಿಸಲು 1884ರಲ್ಲಿ ಫ್ರಾಯ್ಡ್ ಕೊಕೇನ್ ಕೊಟ್ಟ. ವಯಸ್ಸು 28, ಹೆಸರು ಮಾಡೋ ಆತುರ ಬೇರೆ. ಅದೇ ವರ್ಷ ಕೊಕೇನನ್ನು ಹೊಗಳಿ ಪ್ರಬಂಧವನ್ನೂ ಬರೆದ.

ಮಾರ್ಫಿನ್, ಡೋಪಮೈನ್ ಸುರಿಸೋ ನರಕೋಶಗಳ ಕಡಿವಾಣ ಸಡಿಲಿಸುತ್ತೆ. ಕೊಕೇನ್, ಸುರಿದದ್ದು ವಾಪಸ್ ಒಳಗೆ ಹೋಗದಂತೆ ತಡೆಯುತ್ತೆ. ನಲ್ಲಿ ಬಿಟ್ಟು ಬಚ್ಚಲ ತೂತು ಮುಚ್ಚಿದ ಹಾಗೆ! ಒಂದರ ಮಂಪರನ್ನು ಇನ್ನೊಂದು ಮರೆಸೋದರಿಂದ ಎಷ್ಟು ತಗೊಂಡೆ ಅನ್ನೋ ಅಂದಾಜೂ ತಪ್ಪುತ್ತೆ. (ಪಾಪ, ಡೋಪಮೈನ್‌ನ ಈ ಕೆಲಸ ಗೊತ್ತಾಗಿದ್ದೇ 1950ರ ದಶಕದಲ್ಲಿ.)

1885ರ ಹೊತ್ತಿಗೆ ಫ್ಲೈಷ್ಲ್‌ಗೆ ಎರಡೂ ಬೇಕಿತ್ತು. ಮೈಮೇಲೆ ಬಿಳಿ ಹಾವು ಹರಿದಾಡ್ತಿವೆ ಅಂತ ಒದ್ದಾಡುತ್ತಿದ್ದ. ಫ್ರಾಯ್ಡ್ ರಾತ್ರಿಯಿಡೀ ಪಕ್ಕದಲ್ಲಿ ಕೂತಿರುತ್ತಿದ್ದ. ಬಿಡೋಣ ಅಂದ್ರೆ ಯಾವುದನ್ನ? ಮಾರ್ಫಿನ್ ಬಿಟ್ಟರೆ ಮೈಕೈ ನೋವು, ವಾಂತಿ, ಭೇದಿ. ಕೊಕೇನ್ ಬಿಟ್ಟರೆ ಮನಸ್ಸು ಪಾತಾಳಕ್ಕೆ. ಒಂದರ ಸಂಕಟಕ್ಕೆ ಇನ್ನೊಂದೇ ಮದ್ದು ಅನ್ನೋ ಸ್ಥಿತಿ. ಹೆಬ್ಬೆರಳಿನ ನೋವಂತೂ ಹೋಗಲೇ ಇಲ್ಲ.

1891ರಲ್ಲಿ ತೀರಿಕೊಂಡ. 45 ವರ್ಷ.