ಹೊಲದ ಮಣ್ಣು, ಬಾನಿನ ಕಣ್ಣು

ಎತ್ತಿನ ಗಾಡಿಗಳ ಜಾತ್ರೆಗೆ ಹೆಸರಾದ ಅಂತರಘಟ್ಟೆ ಸೀಮೆಯ ರೈತನಿಗೆ ಮುಂಗಾರಿನ ಮೊದಲ ಬಿರುಮಳೆ ಎಂದರೆ ಆಸೆಯೂ ಹೌದು, ಅಂಜಿಕೆಯೂ ಹೌದು. ಉತ್ತು ಬಿಟ್ಟ ಬರಿ ನೆಲಕ್ಕೆ ಹನಿ ಬಡಿದರೆ ಮೇಲ್ಮಣ್ಣು ಹಳ್ಳದ ಪಾಲು. ಕೊನೆಗೆ ಅದೇ ಕೆರೆಯ ಹೂಳು.

ಈ ನಷ್ಟವನ್ನು ಬಾನಿನಿಂದ ಅಂದಾಜು ಮಾಡುವ ಕೆಲಸಕ್ಕೆ ನಮ್ಮಲ್ಲಿ ಬಲ ಬಂದದ್ದು 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಉಪಗ್ರಹ ಸೋವಿಯತ್ ನೆಲದಿಂದ ಹಾರಿದ ಮೇಲೆ. ಹಾಗೆಂದು ಉಪಗ್ರಹವೇನೂ ಮಣ್ಣು ಹರಿಯುವುದನ್ನು ನೋಡುವುದಿಲ್ಲ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಬರಿ ನೆಲದಲ್ಲಿ ಆ ಹೊಳಪು ಕಡಿಮೆ. ಹೀಗೆ ಹೊದಿಕೆ ಎಲ್ಲಿ ತೆಳುವೆಂದು ಅರಿತು, ಅದಕ್ಕೆ ಇಳಿಜಾರು, ಮಣ್ಣಿನ ಗುಣ, ಮಳೆಯ ರಭಸ ಸೇರಿಸಿ ತಜ್ಞರು ಅಪಾಯದ ನಕ್ಷೆ ಬರೆಯುತ್ತಾರೆ.

ಆ ಉಪಗ್ರಹದ ಒಂದು ಕ್ಯಾಮೆರಾಕ್ಕೆ 72.5 ಮೀಟರ್ ಚೌಕವೇ ಒಂದು ಚುಕ್ಕೆ. ಅಂದರೆ ಸುಮಾರು 52 ಗುಂಟೆ. ಸಣ್ಣ ಹಿಡುವಳಿದಾರನ ಹೊಲವೇ ಅದರಲ್ಲಿ ಮುಳುಗಿಹೋಗುತ್ತಿತ್ತು! 1995ರ ಐಆರ್‌ಎಸ್-1ಸಿ ಈ ಚುಕ್ಕೆಯನ್ನು 5.8 ಮೀಟರಿಗೆ ಇಳಿಸಿತು.

2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆ ಪಕ್ಕದ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ನಡೆಯಿತು. ಎಲ್ಲಿ ಮೊದಲು ಬದು ಹಾಕಬೇಕು, ಹಾಕಿದ್ದು ಫಲ ಕೊಟ್ಟಿತೇ ಎಂಬ ಎರಡೂ ಪ್ರಶ್ನೆಗಳಿಗೆ ಅಲ್ಲಿ ಉಪಗ್ರಹ ಚಿತ್ರಗಳ ನೆರವು ಪಡೆಯಲಾಯಿತು. ಆದರೆ ಮುಂಗಾರಿನ ಮೋಡ ಕವಿದರೆ ಇಂಥ ಕ್ಯಾಮೆರಾಗಳು ಕುರುಡು. ಮಣ್ಣು ಹೆಚ್ಚು ಕೊಚ್ಚಿಹೋಗುವುದೂ ಆಗಲೇ.