ತವರ ಬಿಟ್ಟು ತಾಮ್ರ ಹಿಡಿದ ಕಥೆ

2001ರ ಜನವರಿಯಲ್ಲಿ ಅಂತರರಾಷ್ಟ್ರೀಯ ರಸಾಯನ ಒಕ್ಕೂಟವಾದ ಐಯುಪಿಎಸಿಯ ಹಸಿರು ರಸಾಯನವಿಜ್ಞಾನ ಗೋಷ್ಠಿ ದೆಹಲಿಯಲ್ಲಿ ನಡೆಯಿತು. ಅದೇ ಅಕ್ಟೋಬರಿನಲ್ಲಿ, ಹಡಗಿನ ತಳಕ್ಕೆ ಬಳಿಯುವ ತವರದ ಬಣ್ಣಗಳನ್ನು ನಿಷೇಧಿಸುವ ಒಪ್ಪಂದವಾಯಿತು. ಎರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಕಡಲಜೀವಿಗಳನ್ನು ಕೆಡಿಸುತ್ತಿದ್ದ ಆ ಟ್ರೈಬ್ಯುಟೈಲ್ ತವರದ ಹತ್ತಿರದ ಬಂಧು ಪ್ರಯೋಗಾಲಯದ ಕಪಾಟಿನಲ್ಲೂ ಇತ್ತು.

ಅಲ್ಲಿ ಅದರ ಕೆಲಸ ಉಂಗುರ ಕಟ್ಟುವುದು. ಅನೇಕ ಔಷಧಿ, ಸುಗಂಧಗಳ ಅಣುಗಳಲ್ಲಿ ಇಂಗಾಲದ ಸರಪಳಿ ಬಾಗಿ ಉಂಗುರವಾಗಿರುತ್ತದೆ. ಸರಪಳಿಯ ತುದಿಯಿಂದ ಬ್ರೋಮಿನ್ ಪರಮಾಣುವನ್ನು ಕಿತ್ತರೆ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಉಳಿಯುತ್ತದೆ, ಇದೇ ರ‍್ಯಾಡಿಕಲ್. ಅದು ಅದೇ ಅಣುವಿನ ಜೋಡಿಬಂಧವನ್ನು ಹಿಡಿದು ಉಂಗುರ ಮುಚ್ಚುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಶ್ರೀಕೃಷ್ಣ ಟರ್ಪೀನ್‌ಗಳನ್ನು ಕಟ್ಟಲು ಈ ದಾರಿಯನ್ನು ಸಮೃದ್ಧವಾಗಿ ಬಳಸಿದರು. ಸೊಗಸಾದ ವಿಧಾನ. ಕಷ್ಟ ಕೊನೆಯಲ್ಲಿ: ವಿಷಕಾರಿ ತವರದ ಉಳಿಕೆಯನ್ನು ಉತ್ಪನ್ನದಿಂದ ತೊಳೆದು ತೆಗೆಯುವುದು ಬಲು ತ್ರಾಸ.

ತಾಮ್ರದ ದಾರಿ ಜಪಾನಿನಿಂದ ಬಂತು. ಎಂಬತ್ತರ ದಶಕದಲ್ಲಿ ನಾಗಶಿಮ ಮತ್ತು ಸಹೋದ್ಯೋಗಿಗಳು ಕಾಪರ್ ಕ್ಲೋರೈಡಿನಿಂದ ಲ್ಯಾಕ್ಟಮ್ ಉಂಗುರಗಳನ್ನು ಕಟ್ಟಿದರು. ತಾಮ್ರ ಕ್ಲೋರಿನ್ ಪಡೆಯುತ್ತದೆ, ಉಂಗುರ ಮುಚ್ಚಿದ ಮೇಲೆ ಅದನ್ನೇ ಹಿಂದಿರುಗಿಸುತ್ತದೆ. ಸಾಲಗಾರನಂತೆ. ಆದರೆ ನಡುನಡುವೆ ಎರಡು ರ‍್ಯಾಡಿಕಲ್‌ಗಳು ಪರಸ್ಪರ ಕೂಡಿ ನಾಶವಾದರೆ ತಾಮ್ರಕ್ಕೆ ಸಾಲ ತೀರಿಸಲು ಯಾರೂ ಸಿಗುವುದಿಲ್ಲ, ಅದು ನಿಷ್ಕ್ರಿಯ ರೂಪದಲ್ಲೇ ಉಳಿಯುತ್ತದೆ. ಹಾಗಾಗಿ ತಾಮ್ರ ಬಹಳ ಬೇಕಾಗುತ್ತಿತ್ತು. ಇಷ್ಟನ್ನೇ ಹಸಿರು ಎಂದು ಕರೆಯುವುದು ಆತುರವಾಗುತ್ತದೆ.

ಪರಿಹಾರ ಪ್ಲಾಸ್ಟಿಕ್ಕಿನ ಲೋಕದಿಂದ ಬಂತು. ಅಮೆರಿಕದಲ್ಲಿ ಮತ್ಯಾಶೆವ್ಸ್ಕಿ 1995ರಲ್ಲಿ ಇದೇ ಕ್ರಿಯೆಯಿಂದ ಪಾಲಿಮರ್ ಬೆಳೆಸಿದರು. ಸುಮಾರು ಹತ್ತು ವರ್ಷಗಳ ಬಳಿಕ ಅವರ ಗುಂಪು ಸತ್ತ ತಾಮ್ರವನ್ನು ಮತ್ತೆ ಚುರುಕುಗೊಳಿಸಲು ನಿಂಬೆ, ನೆಲ್ಲಿಗಳ ಆಸ್ಕಾರ್ಬಿಕ್ ಆಮ್ಲವನ್ನು, ಅಂದರೆ ಸಿ ವಿಟಮಿನ್ನನ್ನು ಬಳಸಿತು. ತಾಮ್ರ ಲಕ್ಷದಲ್ಲಿ ಕೆಲವೇ ಭಾಗಗಳಿಗೆ ಇಳಿಯಿತು. ಇಟಲಿಯ ಮೊದೆನಾದ ರಸಾಯನಜ್ಞರು ಇದನ್ನು ಉಂಗುರಕ್ಕೆ ತಿರುಗಿಸಿ ಎಥನಾಲ್‌ನಲ್ಲೇ ನಡೆಸಿದರು. ಬೆಂಜೀನ್ ಬಳಸಿ ಉಂಗುರ ಕಟ್ಟಿದವರಿಗೆ ಇದು ಸಣ್ಣ ಸಂಗತಿಯಲ್ಲ.

ದೆಹಲಿ ವಿಶ್ವವಿದ್ಯಾಲಯದ ಹಸಿರು ರಸಾಯನ ಜಾಲ ಕೇಂದ್ರದಲ್ಲಿ ಆರ್. ಕೆ. ಶರ್ಮಾ ಗುಂಪು ಬೇರೆ ಬಾಗಿಲು ತಟ್ಟಿತು. ಬೇರೆ ಬಗೆಯ ಕ್ರಿಯೆಗಳಿಗಾಗಿ ಅವರು ತಾಮ್ರವನ್ನು ಸಿಲಿಕಾ ಹೊದಿಸಿದ ಕಬ್ಬಿಣದ ಆಕ್ಸೈಡ್ ಕಣಗಳಿಗೆ ಕಟ್ಟಿದರು. ಕ್ರಿಯೆ ಮುಗಿದ ಮೇಲೆ ಫ್ಲಾಸ್ಕಿನ ಹೊರಗೆ ಆಯಸ್ಕಾಂತ ಹಿಡಿದರೆ ತಾಮ್ರ ಗೋಡೆಗೆ ಅಂಟುತ್ತದೆ, ದ್ರಾವಣ ಸುರಿದುಕೊಳ್ಳಬಹುದು, ಅದೇ ತಾಮ್ರವನ್ನು ಮತ್ತೆ ಬಳಸಬಹುದು. ಎಷ್ಟು ಸಲ ಬಳಸಬಹುದು, ಪ್ರತಿ ಸಲ ಎಷ್ಟು ತಾಮ್ರ ಸೋರಿಹೋಗುತ್ತದೆ, ಕಣ ತಯಾರಿಸಲು ಸುರಿದ ದ್ರಾವಕವೆಷ್ಟು ಎಂಬ ಲೆಕ್ಕವೂ ಆಯಸ್ಕಾಂತದಷ್ಟೇ ಮುಖ್ಯ.