ಬ್ಲಾಕ್ ಕೋಪಾಲಿಮರ್ ತೆಳುಪೊರೆಗಳು: ಸ್ವಯಂಜೋಡಣೆ ಮತ್ತು ಮೇಲ್ಮೈ ರಚನೆ

ರಾಸಾಯನಿಕವಾಗಿ ಬೇರೆಬೇರೆಯಾದ ಪಾಲಿಮರ್ ತುಂಡುಗಳು ಸಹವೇಲೆನ್ಸೀಯ ಬಂಧದಿಂದ ಒಂದೇ ಸರಪಳಿಯಾಗಿ ಕೂಡಿದರೆ ಅದು ಬ್ಲಾಕ್ ಕೋಪಾಲಿಮರ್. ಎಣ್ಣೆ ಮತ್ತು ನೀರಿನಂತೆ ಈ ತುಂಡುಗಳು ದೂರ ಸರಿಯಲು ನೋಡುತ್ತವೆ, ಆದರೆ ಬಂಧ ಬಿಡುವುದಿಲ್ಲ. ಹೀಗಾಗಿ ಬೇರ್ಪಡೆಯು ಸರಪಳಿಯ ಅಳತೆಯನ್ನು ಮೀರದೆ, ಹತ್ತಾರು ನ್ಯಾನೊಮೀಟರ್ ಅಂತರದಲ್ಲಿ ಮರುಕಳಿಸುವ ಗೋಳ, ಸಿಲಿಂಡರ್ ಅಥವಾ ಪದರಗಳಾಗಿ ನೆಲೆಗೊಳ್ಳುತ್ತದೆ. ಯಾವ ಆಕಾರ ಎಂಬುದನ್ನು ತುಂಡುಗಳ ಪ್ರಮಾಣವೂ, ಎಷ್ಟು ಅಂತರ ಎಂಬುದನ್ನು ಮುಖ್ಯವಾಗಿ ಸರಪಳಿಯ ಉದ್ದವೂ ನಿರ್ಧರಿಸುತ್ತವೆ. ಇದು ಗಟ್ಟಿ ಮುದ್ದೆಯ ಮಾತು. ತೆಳುಪೊರೆಯಲ್ಲಿ ಮಾತ್ರ ಕೊನೆಯ ತೀರ್ಮಾನ ಅಂಚುಗಳದ್ದು: ಕೆಳಗಿನ ತಳ ಮತ್ತು ಮೇಲಿನ ಗಾಳಿ.

ಪಾಲಿಸ್ಟೈರೀನ್ ಮತ್ತು ಪಾಲಿಮೀಥೈಲ್ ಮೆಥಾಕ್ರಿಲೇಟ್ (ಪಿಎಂಎಂಎ) ಸೇರಿದ ಕೋಪಾಲಿಮರ್ ಇದಕ್ಕೆ ಹೆಚ್ಚು ಪರೀಕ್ಷೆಗೊಳಗಾದ ಸಾಕ್ಷಿ. ಸಿಲಿಕಾನ್ ಬಿಲ್ಲೆಯ ಆಕ್ಸೈಡಿಗೆ ಪಿಎಂಎಂಎ ಅಂಟಿಕೊಳ್ಳುತ್ತದೆ. ಮೇಲ್ಮೈ ಶಕ್ತಿ ಕಡಿಮೆಯಿರುವ ಪಾಲಿಸ್ಟೈರೀನ್ ಗಾಳಿಯತ್ತ ಬರುತ್ತದೆ. ಪದರಗಳು ತಳಕ್ಕೆ ಸಮಾಂತರವಾಗಿ ಮಲಗುತ್ತವೆ, ಪೊರೆಯ ದಪ್ಪ ಪದರದ ಅಂತರದ ಒಂದೂವರೆ, ಎರಡೂವರೆ ಪಟ್ಟಿನಂಥ ಅಳತೆಗಳಿಗೇ ಹೊಂದಬೇಕಾಗುತ್ತದೆ. ಹೊಂದದಿದ್ದರೆ ಮೇಲ್ಮೈ ಒಡೆದು ದಿಬ್ಬಗಳೋ ಕುಳಿಗಳೋ ಮೂಡುತ್ತವೆ. ಅವುಗಳ ಎತ್ತರ ಅಥವಾ ಆಳ ಒಂದು ಪೂರ್ಣ ಅಂತರದಷ್ಟು. ಸರಪಳಿಗಳನ್ನು ಎಳೆಯುವುದಕ್ಕಿಂತ ಮೆಟ್ಟಿಲು ಕಟ್ಟುವುದಕ್ಕೆ ತಗಲುವ ಶಕ್ತಿ ಕಡಿಮೆ.

ಮಲಗುವುದು ಅಣುವಿನದೇ ಸ್ವಭಾವವಿರಬಹುದಲ್ಲ ಎಂಬ ಆಕ್ಷೇಪಕ್ಕೆ 1997ರ ಪ್ರಯೋಗವೊಂದು ನೇರ ಉತ್ತರ. ಸ್ಟೈರೀನ್ ಮತ್ತು ಮೀಥೈಲ್ ಮೆಥಾಕ್ರಿಲೇಟ್ ಗೊತ್ತುಗುರಿಯಿಲ್ಲದೆ ಬೆರೆತ ಸರಪಳಿಗಳನ್ನು ತಳಕ್ಕೆ ನಾಟಿ, ಬೆರಕೆಯ ಪ್ರಮಾಣವನ್ನು ಹದಗೊಳಿಸಿದಾಗ ತಳಕ್ಕೆ ಯಾವ ತುಂಡಿನ ಮೇಲೂ ಒಲವು ಉಳಿಯಲಿಲ್ಲ; ಅದೇ ಬಗೆಯ ಕೋಪಾಲಿಮರಿನ ಪದರಗಳು ಎದ್ದು ನಿಂತವು. ಬದಲಾಗಿದ್ದು ಅಂಚು ಮಾತ್ರ.

ಹಾಗಾದರೆ ಇದು ಸ್ವಯಂಜೋಡಣೆಯೇ, ಹೊರಗಿನ ಅಚ್ಚಿನ ನಕಲೇ? ಇದು ತೂಕವುಳ್ಳ ಪ್ರಶ್ನೆ. ಆದರೆ 2008ರಲ್ಲಿ ವರದಿಯಾದ ಕೆಲಸದಲ್ಲಿ, ತಳದ ಮೇಲೆ ವಿರಳವಾಗಿ ಬರೆದ ಚುಕ್ಕಿಗಳ ನಡುವಿನ ಜಾಗವನ್ನು ಪೊರೆ ತಾನೇ ತುಂಬಿ ಸಾಂದ್ರತೆಯನ್ನು ನಾಲ್ಕು ಪಟ್ಟು ಮಾಡಿತು, ಚುಕ್ಕಿಗಳ ಗಾತ್ರದ ಏರುಪೇರನ್ನೂ ತಿದ್ದಿತು. ನಕಲು ತನ್ನ ಮೂಲವನ್ನು ತಿದ್ದಲಾರದು. ಅಂಚು ದಿಕ್ಕನ್ನು ಕೊಡುತ್ತದೆ, ಅಳತೆಯನ್ನು ಅಣುವೇ ಕಾಯುತ್ತದೆ.

ಇನ್ನೂ ಕಿರಿದಾದ ಅಂತರಕ್ಕೆ ಪರಸ್ಪರ ವಿಕರ್ಷಣೆ ಹೆಚ್ಚಿರುವ, ಸಿಲಿಕಾನ್‌ಯುಕ್ತ ತುಂಡುಗಳು ಬೇಕು. ಇವು ಗಾಳಿಯ ಬದಿಯನ್ನು ಪೂರ್ತಿ ಆವರಿಸಿಬಿಡುವುದರಿಂದ ತಳವನ್ನಷ್ಟೇ ಹದಗೊಳಿಸಿದರೆ ಸಾಲದು. 2012ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಪೊರೆಯ ಮೇಲೂ ತಟಸ್ಥ ಲೇಪನ ಹಚ್ಚಿ ಈ ಪದರಗಳನ್ನು ನಿಲ್ಲಿಸಿದರು.